ಹಲ್ಲುನೋವಿನ ವೇಷದಲ್ಲಿ ಬರುವ ಸರ್ಪಸುತ್ತು

ಸರ್ಪಸುತ್ತು ಎಂದರೆ ಸೊಂಟಕ್ಕೋ ಎದೆಗೋ ಪಟ್ಟಿಯಂತೆ ಏಳುವ ಉರಿಗುಳ್ಳೆ ಎಂದೇ ಹೆಚ್ಚಿನವರ ತಿಳಿವಳಿಕೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮರಾಠಿಯಲ್ಲಿ ಇದಕ್ಕೆ ನಾಗೀಣ ಎಂದು ಹೆಸರು. ಹೊಸೂರು, ತಾಳವಾಡಿಯಲ್ಲಿ ತಮಿಳು ಮಾತನಾಡುವವರು ಅಕ್ಕಿ ಎನ್ನುತ್ತಾರೆ. ಹೆಸರು ಯಾವುದಾದರೂ ರೋಗ ಒಂದೇ. ಇದು ಮುಖಕ್ಕೂ ಬರುತ್ತದೆ. ಆಗ ಕೆಲವರಿಗೆ ಗುಳ್ಳೆಗಿಂತ ಮೊದಲು ಕಾಣಿಸಿಕೊಳ್ಳುವುದು ಹಲ್ಲುನೋವು.

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ತಂದ ವೈರಸ್ಸೇ ಇದಕ್ಕೂ ಕಾರಣ. ಸಿಡುಬು ವಾಸಿಯಾದರೂ ವೈರಸ್ ನರಗಳ ಬುಡದಲ್ಲಿ ಅಡಗಿ ಕುಳಿತಿರುತ್ತದೆ. ವಯಸ್ಸು 50 ದಾಟಿದಾಗ, ಕ್ಯಾನ್ಸರ್ ಚಿಕಿತ್ಸೆ ಅಥವಾ ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಮತ್ತೆ ಎಚ್ಚರಗೊಂಡು ನರದ ಗುಂಟ ಹೊರಬರುತ್ತದೆ.

ಮುಖದ ನೋವನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರಕ್ಕೆ ಮೂರು ಕವಲುಗಳಿವೆ. ಮೊದಲನೆಯದು ಹಣೆ ಮತ್ತು ಕಣ್ಣಿಗೆ, ಎರಡನೆಯದು ಕೆನ್ನೆ, ಅಂಗುಳ ಮತ್ತು ಮೇಲಿನ ಹಲ್ಲುಗಳಿಗೆ, ಮೂರನೆಯದು ನಾಲಿಗೆ, ಕೆಳತುಟಿ ಮತ್ತು ಕೆಳಗಿನ ಹಲ್ಲುಗಳಿಗೆ ಹೋಗುತ್ತದೆ. ಎರಡನೆಯ ಅಥವಾ ಮೂರನೆಯ ಕವಲಿಗೆ ರೋಗ ತಗುಲಿದರೆ ಹುಳುಕಿಲ್ಲದ ಹಲ್ಲೂ ನೋಯುತ್ತದೆ.

ಹಲ್ಲು ಕೀಳಿಸುವ ಮುನ್ನ

ತೊಂದರೆ ಆಗುವುದು ಇಲ್ಲಿಯೇ. ಗುಳ್ಳೆ ಏಳುವುದಕ್ಕೆ ಕೆಲವು ದಿನ ಮುಂಚೆಯೇ ನೋವು ಶುರುವಾಗುವುದರಿಂದ ಗಟ್ಟಿ ಹಲ್ಲನ್ನು ಕೀಳಿಸಿಕೊಂಡವರೂ, ರೂಟ್ ಕೆನಾಲ್ ಮಾಡಿಸಿಕೊಂಡವರೂ ಇದ್ದಾರೆ. ಹಲ್ಲು ಹೋದರೂ ನೋವು ಹೋಗುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ, ನೋವಿನ ಜೊತೆ ಅದೇ ಬದಿಯ ಚರ್ಮ ಉರಿಯುತ್ತಿದ್ದರೆ, ಜುಮ್ಮೆನ್ನುತ್ತಿದ್ದರೆ ಒಂದೆರಡು ದಿನ ಕಾದು ನೋಡುವುದು ಲೇಸು.

ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ನಿಜವಲ್ಲ. ಈ ಗುಳ್ಳೆಗಳು ಸಾಮಾನ್ಯವಾಗಿ ಮುಖದ ನಡುಗೆರೆ ದಾಟುವುದೇ ಇಲ್ಲ. ಅಂಗುಳದ ಅರ್ಧಭಾಗದಲ್ಲಿ ಮಾತ್ರ ಹುಣ್ಣು ಎದ್ದಿದ್ದರೆ ಅದೇ ರೋಗದ ಗುರುತು.

72 ಗಂಟೆ ಮುಖ್ಯ

ಗುಳ್ಳೆ ಕಂಡ 72 ಗಂಟೆಗಳೊಳಗೆ ಎಸಿಕ್ಲೋವಿರ್ ಅಥವಾ ವ್ಯಾಲಸಿಕ್ಲೋವಿರ್ ಮಾತ್ರೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದು ಬೇರೆ. ಕೆಮ್ಮಣ್ಣು ಬಳಿದು ಕಾಯುತ್ತಾ ಕೂತರೆ ಈ ಅವಧಿ ಕಳೆದುಹೋಗುತ್ತದೆ. ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯವಿದೆ ಎಂದು ತಿಳಿದು ಅಂದೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಬಾಯಿ ಹುಣ್ಣಿರುವಾಗ ಖಾರ, ಬಿಸಿ ಬಿಟ್ಟು ಆರಿದ ಗಂಜಿ, ಮೊಸರನ್ನ ತಿನ್ನಬಹುದು. ಗುಳ್ಳೆಯ ನೀರು ತಾಗಿದರೆ ಸಿಡುಬು ಬಾರದವರಿಗೆ ಸಿಡುಬು ಬರಬಹುದು. ಆದ್ದರಿಂದ ಗುಳ್ಳೆ ಒಣಗುವ ತನಕ ಗರ್ಭಿಣಿಯರು, ಎಳೆ ಮಕ್ಕಳಿಂದ ದೂರವಿರಬೇಕು.

ವಾಸಿಯಾದ ಮೇಲೆ

ಗುಳ್ಳೆ ಒಣಗಿದರೆ ಎಲ್ಲ ಮುಗಿಯಿತು ಎನ್ನುವಂತಿಲ್ಲ. ಕೆಲವರಿಗೆ ಮೂರು ತಿಂಗಳು ಕಳೆದರೂ ನೋವು ಉಳಿಯುತ್ತದೆ. ಅಪರೂಪಕ್ಕೆ ವಾರಗಳೋ ತಿಂಗಳುಗಳೋ ಆದ ಮೇಲೆ ಆ ಬದಿಯ ಹಲ್ಲಿನ ಒಳಜೀವ ಸಾಯುವುದು, ಬೇರು ಕರಗುವುದು, ದವಡೆಯ ಮೂಳೆ ಕೊಳೆತು ಹಲ್ಲು ತಾನಾಗಿ ಉದುರುವುದು ಉಂಟು. ಹಲ್ಲು ಅಲುಗಾಡಿದರೆ, ಬಣ್ಣ ಕಪ್ಪಿಟ್ಟರೆ ದಂತವೈದ್ಯರಿಗೆ ತೋರಿಸಿ, ಹಿಂದೆ ಸರ್ಪಸುತ್ತು ಆಗಿತ್ತು ಎಂಬುದನ್ನು ಮರೆಯದೆ ಹೇಳಬೇಕು.

50 ದಾಟಿದವರಿಗೆ ಶಿಂಗ್ರಿಕ್ಸ್ ಎಂಬ ಲಸಿಕೆ 2023ರಲ್ಲಿ ಭಾರತಕ್ಕೆ ಬಂದಿದೆ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಬೆಲೆ ದುಬಾರಿ. ಅದು ಕೈಗೆಟುಕದವರಿಗೂ ಒಂದು ಎಚ್ಚರಿಕೆ ಸಾಧ್ಯ: ಒಂದೇ ಬದಿಯಲ್ಲಿ ಉರಿಯೊಡನೆ ಹಲ್ಲು ನೋಯುತ್ತಿದ್ದರೆ, ಅದನ್ನು ಕೀಳಿಸಲು ಆತುರಪಡಬಾರದು.