ದಿಮ್ಮಿ ಬಡಿದರೂ ನಿಲ್ಲುವ ಸಂಕ

ಕಾಂಕ್ರೀಟು ಭಾರ ಹೊರುವುದರಲ್ಲಿ ಗಟ್ಟಿಗ, ಪೆಟ್ಟು ತಾಳುವುದರಲ್ಲಿ ಅಷ್ಟಕ್ಕಷ್ಟೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂಕಗಳಿಗೆ ಈ ವ್ಯತ್ಯಾಸ ಮುಖ್ಯ. ಹೆಗ್ಗರಣೆಯ ಬಳಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಅಘನಾಶಿನಿಗೆ ಸೇರುವ ಹಳ್ಳಗಳು ಮಳೆಗಾಲದಲ್ಲಿ ಬರೀ ನೀರನ್ನು ತರುವುದಿಲ್ಲ. ಬುಡಸಮೇತ ಕಿತ್ತುಬಂದ ಮರವನ್ನೂ ಉರುಳುಗಲ್ಲನ್ನೂ ತರುತ್ತವೆ. 300 ಕಿಲೋ ತೂಗುವ ದಿಮ್ಮಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಕಂಬಕ್ಕೆ ಬಡಿದರೆ, ಅಷ್ಟೇ ತೂಕವನ್ನು 80 ಸೆಂಟಿಮೀಟರ್ ಎತ್ತರದಿಂದ ಅದರ ಮೇಲೆ ಕೆಡವಿದಂತೆ. ಆದರೆ ಗುತ್ತಿಗೆದಾರರಿಂದ ನಾವು ಕೇಳುವುದು 28 ದಿನ ನೀರುಣಿಸಿದ ಘನವನ್ನು ಯಂತ್ರದಲ್ಲಿ ಮೆಲ್ಲಗೆ ಅದುಮಿ ಪಡೆದ ಅಂಕಿಯನ್ನು ಮಾತ್ರ. ಆ ಅಂಕಿ ಸುಳ್ಳಲ್ಲ, ಆದರೆ ದಿಮ್ಮಿಯ ಪೆಟ್ಟಿನ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ.

ಅದುಮಿದಾಗ ತಾಳುವ ಬಲದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಎಳೆದಾಗ ಕಾಂಕ್ರೀಟಿಗಿರುತ್ತದೆ. ಪೆಟ್ಟು ಬಿದ್ದಾಗ ಒಳಗೆ ಸಾಗುವ ಒತ್ತಡದ ಅಲೆ ಹಿಂಬದಿಯನ್ನು ಮುಟ್ಟಿ ಮರಳುವಾಗ ಎಳೆತವಾಗುತ್ತದೆ. ದಿಮ್ಮಿಯಂಥ ನಿಧಾನದ ಪೆಟ್ಟಿಗೆ ಹಲಗೆ ಬಾಗಿದರೂ ಎಳೆತಕ್ಕೆ ಸಿಗುವುದು ಅದೇ ಹಿಂಬದಿ. ಹೀಗಾಗಿ ತೆಳು ಹಲಗೆಯಲ್ಲಿ ಬಡಿದದ್ದು ಒಂದು ಕಡೆ, ಚಕ್ಕೆ ಏಳುವುದು ಇನ್ನೊಂದು ಕಡೆ. ಸರಳುಗಳಿವೆಯಲ್ಲ ಎನ್ನಬಹುದು, ಆದರೆ ಸರಳಿಗೂ ಸರಳಿಗೂ ನಡುವೆ ಗೇಣುದ್ದದ ಜಾಗ, ಬಿರುಕು ಓಡುವುದು ಅಲ್ಲೇ. ಕಾಂಕ್ರೀಟಿಗೆ ಬೆರೆಸಿದ ಸಣ್ಣ ಉಕ್ಕಿನ ಎಳೆಗಳು ಆ ಜಾಗವನ್ನು ಹೊಲಿಯುತ್ತವೆ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದವರ ಲೆಕ್ಕಾಚಾರವೂ ಇದೇ. ಎಳೆ ಸೇರಿಸಿದರೆ ಅದುಮುವ ಬಲ ಹೆಚ್ಚೇನೂ ಏರುವುದಿಲ್ಲ. ಬಿರುಕು ಬಿಟ್ಟ ಮೇಲೂ ತುಂಡುಗಳು ಬಿಡಿಸಿಕೊಳ್ಳದೆ ನಿಲ್ಲುತ್ತವೆ, ಎಳೆ ಜಾರುತ್ತ ಜಾರುತ್ತ ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ. ಇದನ್ನು ಅಳೆಯುವ ಸರಳ ಪರೀಕ್ಷೆಯೊಂದಿದೆ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ 544ನೇ ಸಮಿತಿ ಹೇಳುವಂತೆ 4.54 ಕಿಲೋ ಸುತ್ತಿಗೆಯನ್ನು 457 ಮಿಲಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬಿಡಬೇಕು. ಮೊದಲ ಬಿರುಕಿಗೆ ಎಷ್ಟು ಏಟು, ಒಡೆಯಲು ಎಷ್ಟು ಏಟು ಎಂದು ಎಣಿಸಬೇಕು. ಬರೀ ಕಾಂಕ್ರೀಟಿನಲ್ಲಿ ಎರಡು ಎಣಿಕೆಗಳೂ ಹೆಚ್ಚುಕಡಿಮೆ ಒಂದೇ, ಎಳೆಯಿದ್ದಲ್ಲಿ ಅವು ದೂರ ಸರಿಯುತ್ತವೆ.

ಖರ್ಚಿನ ತಕರಾರು ನ್ಯಾಯವಾದದ್ದೇ. ಗಾತ್ರದ ಶೇ 1ರಷ್ಟು ಉಕ್ಕಿನ ಎಳೆ ಎಂದರೆ ಘನಮೀಟರಿಗೆ ಸುಮಾರು 78 ಕಿಲೋ. ಇಡೀ ಸಂಕಕ್ಕೆ ಸುರಿಯುವುದು ದುಂದು. ಪದರದ ವಿಚಾರ ಬರುವುದು ಇಲ್ಲೇ: ತೆಳು ಹಲಗೆಗೆ ಹಿಂಬದಿಯಲ್ಲಿ, ದಪ್ಪ ಕಂಬಕ್ಕೆ ನೀರು ಎದುರಾಗುವ ಹೊರಮೈಯಲ್ಲಿ ಎಳೆ ಹಾಕಿ, ಉಳಿದದ್ದು ಸಾದಾ ಇರಲಿ. ಅಡಿಕೆ ಸಿಪ್ಪೆಯ ನಾರು ಪುಕ್ಕಟೆ ಸಿಗುತ್ತದಲ್ಲ ಎಂಬ ಮಾತು ನಮ್ಮಲ್ಲಿ ಬಂದೇ ಬರುತ್ತದೆ. ಸಿಮೆಂಟಿನ ಕ್ಷಾರ ಸಸ್ಯದ ನಾರನ್ನು ವರ್ಷಗಳಲ್ಲಿ ತಿನ್ನುವುದರಿಂದ ಅದು ಗೋಡೆಯ ಹಲಗೆಗೆ ಸರಿ, ಹೊಳೆಯ ಕಂಬಕ್ಕೆ ಬೇಡ.

ಪದರ ಬಿಟ್ಟುಕೊಂಡರೆ ಎಂಬುದೇ ಇದ್ದುದರಲ್ಲಿ ಗಟ್ಟಿ ಆಕ್ಷೇಪ. ನಮ್ಮದೇ ಜಿಲ್ಲೆಯ ಕೈಗಾ ಅಣುಸ್ಥಾವರದಲ್ಲಿ 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕೆಳಮೈ ಪದರವಾಗಿ ಕಳಚಿಬಿದ್ದಿತು. ಅಲ್ಲಿ ಎಳೆಯೂ ಇರಲಿಲ್ಲ, ಬಡಿತವೂ ಇರಲಿಲ್ಲ. ಆದರೂ ದಪ್ಪದ ದಿಕ್ಕಿನ ಎಳೆತವನ್ನು ಮರೆತರೆ ಒಂದೇ ಕಾಂಕ್ರೀಟು ಕೂಡ ಎರಡಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆದ್ದರಿಂದ ಮೊದಲ ಪದರ ಹಸಿಯಿರುವಾಗಲೇ ಎರಡನೆಯದು ಬೀಳಬೇಕು, ಎರಡನ್ನೂ ದಾಟುವ ಸರಳಿರಬೇಕು. ನಾಳೆ ಹಾಕುತ್ತೇನೆ ಎನ್ನುವ ಮೇಸ್ತ್ರಿಯ ಕೈಯಲ್ಲಿ ಇದು ಬೇಡವೇ ಬೇಡ.

2021ರ ಜುಲೈ ನೆರೆಯಲ್ಲಿ ಗಂಗಾವಳಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು. ಬುಡದ ಮಣ್ಣೇ ಕೊರೆದುಹೋದರೆ ಯಾವ ಎಳೆಯೂ ಸೇತುವೆಯನ್ನು ಉಳಿಸದು, ಅಡಿಪಾಯವೇ ಮೊದಲು. ಅದಾದ ಮೇಲೆ, ಮುಂದಿನ ಕಾಲುಸಂಕದ ಅಂದಾಜುಪಟ್ಟಿ ಗ್ರಾಮಸಭೆಗೆ ಬಂದಾಗ ಘನದ ಅಂಕಿಯ ಜೊತೆಗೆ ಏಟಿನ ಎಣಿಕೆಯನ್ನೂ ಕೇಳಿ.