ಸೋಮಾರಿ ಅನ್ನೋ ಮುಂಚೆ ಒಂದು ಲೆಕ್ಕ

"ಪುಕ್ಸಟ್ಟೆ ಅಕ್ಕಿ ಕೊಟ್ಟು ಜನರನ್ನ ಸೋಮಾರಿ ಮಾಡಿಬಿಟ್ರು." 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ ಈ ಮಾತನ್ನು ಮದುವೆ ಮನೆಯ ಪಂಕ್ತಿಯಲ್ಲಿ, ನಮ್ಮದೇ ಸ್ಟುಡಿಯೋ ಚರ್ಚೆಗಳಲ್ಲಿ ಎಷ್ಟು ಸಲ ಕೇಳಿದ್ದೇವೋ! 2025ರ ಫೆಬ್ರುವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರೂ ಹೆಚ್ಚುಕಮ್ಮಿ ಇದೇ ಅರ್ಥದಲ್ಲಿ ಮಾತಾಡಿದರು. ನಾನು ಓದಿದ್ದು ಇಂಜಿನಿಯರಿಂಗ್. ಆಪಾದನೆ ಕೇಳಿದ ಕೂಡಲೇ ಕೈ ಕ್ಯಾಲ್ಕುಲೇಟರ್ ಕಡೆ ಹೋಗುತ್ತೆ.

2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದಿದ್ದಾಗ ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ಖಾತೆಗೆ ಹಣ ಹಾಕಿತು. ಅದೇ ದರ ಹಿಡಿಯಿರಿ. ಐದು ಜನರ ಮನೆ, ತಲೆಗೆ 10 ಕೆಜಿ ಅಂತಲೇ ಇಟ್ಕೊಳ್ಳಿ. 50 ಕೆಜಿಗೆ 1,700 ರೂಪಾಯಿ. ತಿಂಗಳಿಗೆ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 11 ರೂಪಾಯಿ ಚಿಲ್ಲರೆ. ಗೃಹಲಕ್ಷ್ಮಿಯ 2,000 ಸೇರಿಸಿ ಅಂತೀರಾ? ಸೇರಿಸೋಣ. ಆಗಲೂ 25 ರೂಪಾಯಿ ದಾಟಲ್ಲ. ಇದರಲ್ಲೇ ಹಾಲು, ತರಕಾರಿ, ಗ್ಯಾಸ್, ಮಗಳ ಫೀಸು, ಸಂಘದ ಸಾಲದ ಕಂತು. ಯಾರು ಮಲಗಿ ತಿನ್ನೋಕಾಗುತ್ತೆ ಹೇಳಿ?

ಹಾಗಾದ್ರೆ ಊರಲ್ಲಿ ಆಳು ಯಾಕೆ ಸಿಗ್ತಿಲ್ಲ? ಬದಲಾಗಿರೋದು ಇಷ್ಟೇ. ಮೊದಲು ಸಂಜೆ ಒಲೆ ಉರಿಯಬೇಕಂದ್ರೆ ಧಣಿ ಹೇಳಿದ ಕೂಲಿಗೆ ಹೋಗಲೇಬೇಕಿತ್ತು. ಈಗ ಮೂಟೆಯಲ್ಲಿ ಅಕ್ಕಿ ಇದೆ, ಎರಡು ದಿನ ಕಾಯಬಹುದು, "ಇಷ್ಟಕ್ಕೆ ಬರಲ್ಲ" ಅನ್ನಬಹುದು. ಅವನು ಬೇಡ ಅಂದಿದ್ದು ಆ ಕೂಲಿಯನ್ನ, ಕೆಲಸವನ್ನಲ್ಲ. ನಂಬಿಕೆ ಬರದಿದ್ರೆ ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ ಕಡೆಯ ಬಸ್‌ ಸ್ಟ್ಯಾಂಡ್ ನೋಡಿ. ಅದೇ ರೇಷನ್ ಕಾರ್ಡಿನವರು ಪಾತ್ರೆಪಗಡೆ ಗಂಟು ಕಟ್ಟಿಕೊಂಡು ಬೆಂಗಳೂರಿಗೆ, ಪುಣೆಗೆ ಗುಳೆ ಹೊರಟಿರ್ತಾರೆ. ಸೋಮಾರಿಗಳು ಗುಳೆ ಹೋಗ್ತಾರಾ?

ಇನ್ನೊಂದು ದೂರು, "ಯಾವಾಗ ನೋಡಿದ್ರೂ ಕೂತಿರ್ತಾರೆ" ಅನ್ನೋದು. ಪಿಯುಸಿ ಫಿಸಿಕ್ಸ್ ನೆನಪಿದೆಯಾ? ತಲೆ ಮೇಲೆ 30 ಕೆಜಿ ಇಟ್ಟಿಗೆ ಹೊತ್ತು ಸಮತಟ್ಟು ನೆಲದಲ್ಲಿ ಒಂದೇ ವೇಗದಲ್ಲಿ ಎಷ್ಟು ದೂರ ನಡೆದರೂ ಇಟ್ಟಿಗೆಯನ್ನ ಎತ್ತಿ ಹಿಡಿದ ಬಲದಿಂದ ಆದ ಕೆಲಸ, ಸೂತ್ರದ ಪ್ರಕಾರ, ಸೊನ್ನೆ! ಕುತ್ತಿಗೆ, ಸೊಂಟ ಆ ಸೂತ್ರ ಓದಿಲ್ಲ ಪಾಪ. ಕಾರಿನ ಕಿಟಕಿಯಿಂದ ನೋಡೋ ನಮ್ಮ ಅಳತೆಯೂ ಸುಮಾರಾಗಿ ಹೀಗೇ. ಅವನು ಕೂತ ಹತ್ತು ನಿಮಿಷ ಕಣ್ಣಿಗೆ ಬೀಳುತ್ತೆ, ಬೆಳಿಗ್ಗೆಯಿಂದ ಹೊತ್ತಿದ್ದು ಬೀಳಲ್ಲ. ಹೆಂಗಸರ ವಿಷಯದಲ್ಲಂತೂ ಅಳತೆ ಇನ್ನೂ ಕುರುಡು. 2024ರ ರಾಷ್ಟ್ರೀಯ ಕಾಲ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವವರ ಪೈಕಿ, ಹೆಣ್ಣು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ ಗಂಡು 88. ಹೊಲಕ್ಕೆ ಒಂದು ತಾಸು ತಡವಾಗಿ ಬಂದವಳು ಮನೇಲಿ ಏನು ಮುಗಿಸಿ ಬಂದಳು ಅಂತ ಯಾರು ಕೇಳ್ತಾರೆ?

ಮತ್ತೆ, ಬಿಸಿಲು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಫ್ಯಾನ್ ಕೆಳಗೆ ಕೂರುವವರಿಗೆ ಇಂಥ ಆದೇಶ. ಸರಿಯಾದ ಆದೇಶವೇ, ನನ್ನ ತಕರಾರಿಲ್ಲ. ಅದೇ ಬಿಸಿಲಲ್ಲಿ ಸೆಂಟ್ರಿಂಗ್ ಕಬ್ಬಿಣ ಕಟ್ಟುವವನು ಬೇವಿನ ಮರದಡಿ ಟವೆಲ್ ಹಾಸಿದರೆ ಮಾತ್ರ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕ್ತೀವಿ.

ಕೆಲಸಗಳ್ಳರು ಇಲ್ವಾ? ಇದ್ದಾರೆ, ಎಲ್ಲ ಕಡೆ. ಏಸಿ ಆಫೀಸಿನಲ್ಲೂ ಇದ್ದಾರೆ, ಅಲ್ಲಿ ಅದಕ್ಕೆ ಮೀಟಿಂಗ್ ಅನ್ನೋ ಹೆಸರಿದೆ. ಆದ್ರೆ ಎರಡೆಕರೆ ರೈತನ ಸಂಕಟವನ್ನ ನಾನು ತಳ್ಳಿಹಾಕಲ್ಲ. ಕೇಳಿದಷ್ಟು ಕೂಲಿ ಕೊಟ್ರೆ ಅವನಿಗೆ ಏನೂ ಉಳಿಯಲ್ಲ, ಕೊಡದಿದ್ರೆ ಬೆಳೆ ಹೊಲದಲ್ಲೇ ಉದುರುತ್ತೆ. ಅವನ ಸಿಟ್ಟು ನಿಜ. ಆದರೆ ಆ ಸಿಟ್ಟು ಹೋಗಬೇಕಾದ್ದು ತೊಗರಿಗೆ, ಈರುಳ್ಳಿಗೆ ಮಾರುಕಟ್ಟೆ ಕೊಡೋ ಬೆಲೆ ಕಡೆಗೆ. ಅವನಿಗಿಂತ ಬಡವನ ಅಕ್ಕಿ ಮೂಟೆ ಕಡೆಗಲ್ಲ. ಬೆಲೆ ಯಾರು ಹೇಗೆ ಕಟ್ತಾರೆ ಅನ್ನೋದನ್ನ ಇನ್ನೊಂದು ದಿನ ಕೂತು ನೋಡೋಣ.