ಮಾಹಿಮ್ ಖಾಡಿಯಾಚೆಯ ಜನಸಮುದಾಯ

ಬೆಳಗಿನ ಲೋಕಲ್ ಗಾಡಿಯಲ್ಲಿ ಬೋರಿವಲಿಯಿಂದ ಚರ್ಚ್‌ಗೇಟಿನತ್ತ ಸಾಗುವ ನಮ್ಮ ವಾಚಕ ಬಂಧುಗಳಲ್ಲಿ ಅನೇಕರಿಗೆ, ತಾವು ದಿನಕ್ಕೆರಡು ಬಾರಿ ಒಂದು ಜಿಲ್ಲೆಯ ಗಡಿಯನ್ನು ದಾಟುತ್ತಿದ್ದೇವೆಂಬ ಅರಿವು ಇರಲಾರದು. ಬಾಂದ್ರಾ ನಿಲ್ದಾಣವನ್ನು ಬಿಟ್ಟ ಗಾಡಿಯು ಮಾಹಿಮ್ ಖಾಡಿಯನ್ನು ದಾಟಿದೊಡನೆ ಮುಂಬಯಿ ಉಪನಗರ ಜಿಲ್ಲೆಯು ಮುಗಿದು ಮುಂಬಯಿ ನಗರ ಜಿಲ್ಲೆಯು ಆರಂಭವಾಗುತ್ತದೆ. ಮಧ್ಯ ರೈಲ್ವೆಯಲ್ಲಿ ಬರುವವರಿಗೆ ಕುರ್ಲಾ ಮತ್ತು ಸಾಯನ್‌ಗಳ ನಡುವೆ ಇದೇ ಗಡಿಯು ಎದುರಾಗುತ್ತದೆ. ಕಾಲೂರಲು ಒಂದಂಗುಲ ಸ್ಥಳವನ್ನು ಹುಡುಕುವವನಿಗೆ ಜಿಲ್ಲೆಯ ಗಡಿಯ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ಆದರೆ ನಾವು ವಾಸಿಸುವ ನೆಲದಲ್ಲಿ ನಮ್ಮ ನೆರೆಹೊರೆಯವರು ಯಾರು, ಅವರ ನಡುವೆ ನಮ್ಮ ಎಣಿಕೆ ಎಷ್ಟು, ಆ ಎಣಿಕೆಯಲ್ಲಿ ನಾವು ನಿಜವಾಗಿಯೂ ಸೇರಿದ್ದೇವೆಯೇ ಎಂಬ ಪ್ರಶ್ನೆಗಳು ಅಲಕ್ಷಿಸತಕ್ಕವುಗಳಲ್ಲ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಮಹಾಮಾರಿಯ ಕಾರಣದಿಂದ ಮುಂದೂಡಲ್ಪಟ್ಟು, ಹೊಸ ಗಣತಿಗೆ 2027ರ ಮಾರ್ಚ್ 1ನೆಯ ದಿನಾಂಕವನ್ನು ಆಧಾರವಾಗಿ ಗೊತ್ತುಪಡಿಸಿರುವುದರಿಂದ, ಈ ವಿಷಯವನ್ನು ವಿಚಾರಿಸುವುದು ಸಕಾಲಿಕವೆಂದು ನಾವು ಭಾವಿಸುತ್ತೇವೆ.

ಜಿಲ್ಲೆಯ ಹುಟ್ಟು ಮತ್ತು ಬೆಳವಣಿಗೆ

ಉಪನಗರ ಜಿಲ್ಲೆಯ ನೆಲವು ಹಿಂದೆ ಸಾಲ್ಸೆಟ್ ಎಂದು ಕರೆಯಲ್ಪಡುತ್ತಿದ್ದ ದೊಡ್ಡ ದ್ವೀಪದ ಭಾಗ. ಬತ್ತದ ಗದ್ದೆಗಳು, ತಾಳೆಯ ತೋಪುಗಳು, ಉಪ್ಪಿನ ಮಡಿಗಳು, ಮೀನುಗಾರರ ಕೊಪ್ಪಗಳು, ಇವೇ ಅದರ ಸಂಪತ್ತು. 1845ರಲ್ಲಿ ಮಾಹಿಮ್ ಮತ್ತು ಬಾಂದ್ರಾಗಳನ್ನು ಜೋಡಿಸುವ ಕಟ್ಟೆಯ ರಸ್ತೆಯಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಪ್ರಥಮ ರೈಲು ಓಡಿತು. 1925ರಲ್ಲಿ ಕುರ್ಲಾದವರೆಗೂ, 1928ರಲ್ಲಿ ಬೋರಿವಲಿಯವರೆಗೂ ವಿದ್ಯುತ್ ಗಾಡಿಗಳು ಬಂದವು. ರೈಲು ನಿಂತಲ್ಲೆಲ್ಲ ಮನೆಗಳೆದ್ದವು. 1920ರಲ್ಲಿ ಠಾಣಾ ಜಿಲ್ಲೆಯಿಂದ ಬೇರ್ಪಡಿಸಿ ಒಂದು ಉಪನಗರ ಜಿಲ್ಲೆಯನ್ನು ರಚಿಸಿದರು. ಮಹಾನಗರಪಾಲಿಕೆಯ ಎಲ್ಲೆಯು 1950ರಲ್ಲಿ ಅಂಧೇರಿ ಮತ್ತು ಘಾಟ್‌ಕೋಪರಿನವರೆಗೂ, 1957ರಲ್ಲಿ ದಹಿಸರ್ ಮತ್ತು ಮುಲುಂಡಿನವರೆಗೂ ವಿಸ್ತರಿಸಿತು. ನಗರದೊಡನೆ ಒಂದಾಗಿದ್ದ ಈ ಪ್ರದೇಶವನ್ನು 1990ರ ಅಕ್ಟೋಬರ್ 1ರಂದು ಪುನಃ ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡಲಾಯಿತು. ಬಾಂದ್ರಾ ಅದರ ಆಡಳಿತ ಕೇಂದ್ರ. ಅಂಧೇರಿ, ಬೋರಿವಲಿ, ಕುರ್ಲಾ ಅದರ ಮೂರು ತಾಲೂಕುಗಳು.

ಜನಸಂಖ್ಯೆಯ ಚರಿತ್ರೆಯು ಇನ್ನೂ ವಿಸ್ಮಯಕರವಾದುದು. 1951ರಲ್ಲಿ ಇಂದಿನ ಬೃಹನ್ಮುಂಬಯಿಯ ಎಲ್ಲೆಯೊಳಗೆ ವಾಸಿಸುತ್ತಿದ್ದ ಸುಮಾರು 30 ಲಕ್ಷ ಜನರ ಪೈಕಿ 23 ಲಕ್ಷಕ್ಕೂ ಹೆಚ್ಚು ಮಂದಿ ಖಾಡಿಯ ಈಚೆಗೆ, ಹಳೆಯ ನಗರದಲ್ಲಿಯೇ ಇದ್ದರು. 1971ರ ಹೊತ್ತಿಗೆ ಎರಡು ತಟ್ಟೆಗಳೂ ಹೆಚ್ಚುಕಡಿಮೆ ಸಮತೂಕಕ್ಕೆ ಬಂದವು. 1981ರಲ್ಲಿ ಉಪನಗರಗಳಲ್ಲಿ ಸುಮಾರು 50 ಲಕ್ಷ, ನಗರದಲ್ಲಿ ಸುಮಾರು 33 ಲಕ್ಷ ಜನರಿದ್ದರು. 2011ರ ಗಣತಿಯಲ್ಲಿ ನಗರ ಜಿಲ್ಲೆಯ ಜನಸಂಖ್ಯೆ 30,85,411ಕ್ಕೆ ಇಳಿದು, ಉಪನಗರ ಜಿಲ್ಲೆಯದು 93,56,962ಕ್ಕೆ ಏರಿತ್ತು. ಅಂದರೆ ಮುಂಬಯಿಗರೆನ್ನಿಸಿಕೊಳ್ಳುವ ಪ್ರತಿ ನಾಲ್ವರಲ್ಲಿ ಮೂವರು ಉಪನಗರವಾಸಿಗಳು. ಇಡೀ ಹಿಮಾಚಲ ಪ್ರದೇಶದ ಜನಸಂಖ್ಯೆಯು ಆ ವರ್ಷ 69 ಲಕ್ಷವನ್ನು ಮುಟ್ಟಿರಲಿಲ್ಲವೆಂಬುದನ್ನು ನೆನೆದರೆ, ಈ ಒಂದು ಜಿಲ್ಲೆಯ ಗಾತ್ರವು ಮನವರಿಕೆಯಾದೀತು. ಒಂದು ಚದರ ಕಿಲೋಮೀಟರಿನಲ್ಲಿ ಇಲ್ಲಿ 20,980 ಜನರು. ನಮ್ಮ ಉಡುಪಿ ಜಿಲ್ಲೆಯಲ್ಲಿ ಅಷ್ಟೇ ಸ್ಥಳದಲ್ಲಿ ಮುನ್ನೂರ ಚಿಲ್ಲರೆ ಜನರು ಮಾತ್ರ.

ಮೊದಲಿಗರು ಮತ್ತು ಬಂದವರು

ಈ ನೆಲದ ಮೂಲನಿವಾಸಿಗಳು ಯಾರೆಂಬುದನ್ನು ಬಂದವರಾದ ನಾವು ಮರೆಯಲಾಗದು. ವೆರ್ಸೋವಾ, ಮಢ, ಖಾರದಾಂಡಾಗಳ ಕೋಳಿ ಮೀನುಗಾರರು, ಬಾಂದ್ರಾ, ಪಾರ್ಲೆ, ಕುರ್ಲಾಗಳ ಹಳೆಯ ಗಾಂವಠಾಣಗಳಲ್ಲಿ ಇಂದಿಗೂ ಉಳಿದಿರುವ, ಈಸ್ಟ್ ಇಂಡಿಯನ್ ಎಂದು ಹೆಸರಾದ ಮರಾಠಿ ಮಾತಿನ ಕ್ರೈಸ್ತರು, ಆಗರಿಗಳು, ಆರೇಯ ಹಾಗೂ ಬೋರಿವಲಿಯ ಅರಣ್ಯದ ಪಾಡಾಗಳಲ್ಲಿ ವಾಸಿಸುವ ವಾರ್ಲಿ ಮೊದಲಾದ ಆದಿವಾಸಿಗಳು. ಪರಿಶಿಷ್ಟ ಪಂಗಡದವರ ಪ್ರಮಾಣವು ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪವೇ ಹೆಚ್ಚು. ಅವರ ಗದ್ದೆಗಳ ಮೇಲೆಯೇ ನಮ್ಮ ಸೊಸಾಯಿಟಿಗಳೂ ಚಾಳುಗಳೂ ಎದ್ದು ನಿಂತಿವೆ.

ಬಂದವರು ಅಲೆಯಲೆಯಾಗಿ ಬಂದರು. 1947ರ ದೇಶ ವಿಭಜನೆಯ ತರುವಾಯ ಮನೆಮಠ ಕಳೆದುಕೊಂಡ ಸಿಂಧಿಗಳು ಚೆಂಬೂರು ಮತ್ತು ಮುಲುಂಡಿನ ಶಿಬಿರಗಳಲ್ಲಿ ನೆಲೆಯೂರಿದರು. ಗುಜರಾತಿ ಮನೆತನಗಳು ಘಾಟ್‌ಕೋಪರ್, ಪಾರ್ಲೆ, ಕಾಂದಿವಲಿಗಳಲ್ಲಿ ನೆಲೆಸಿದವು. ತಮಿಳು ಗುಮಾಸ್ತರು ಮಾಟುಂಗದಿಂದ ಚೆಂಬೂರಿಗೆ ಸರಿದರು. ವಿಕ್ರೋಲಿ, ಭಾಂಡುಪ್, ಮುಲುಂಡಿನ ಕಾರಖಾನೆಗಳೂ, ತ್ರಾಂಬೆಯ ಬಳಿಯ ತೈಲ ಶುದ್ಧೀಕರಣ ಕೇಂದ್ರಗಳೂ ಸತಾರಾ, ರತ್ನಾಗಿರಿ ಮತ್ತು ಉತ್ತರ ಭಾರತದ ಶ್ರಮಿಕರನ್ನು ಸೆಳೆದವು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಕಾಮಗಾರರ ಮುಷ್ಕರದ ಬಳಿಕ ಒಂದೊಂದಾಗಿ ಗಿರಣಿಗಳು ಮುಚ್ಚಲು, ಪರಳ, ಲಾಲಬಾಗಗಳ ಅನೇಕ ಕುಟುಂಬಗಳು ಖೋಲಿಗಳನ್ನು ಬಿಟ್ಟು ಉತ್ತರಕ್ಕೆ ತೆರಳಿದವು. ಕಲಬುರಗಿ, ಯಾದಗಿರಿಗಳ ಕಡೆಯಿಂದ ರಸ್ತೆ ಮತ್ತು ಕಟ್ಟಡದ ಕೂಲಿಗೆ ಬಂದ ನಮ್ಮವರೂ ಈ ಪ್ರವಾಹದಲ್ಲಿ ಸೇರಿದ್ದಾರೆ. ಕರಾವಳಿಯ ಕನ್ನಡಿಗರು ಹೊಟೇಲನ್ನೇ ಮುಂಬಯಿ ಕನ್ನಡವೆಂದು ತಿಳಿಯುವಾಗ, ಗಾರೆಯ ಬುಟ್ಟಿ ಹೊತ್ತ ಈ ಕನ್ನಡವನ್ನು ಮರೆಯುವುದು ಸಾಮಾನ್ಯವಾಗಿದೆ. ಇದು ಸರಿಯಲ್ಲ.

ಎರಡೂ ಜಿಲ್ಲೆಗಳನ್ನು ಒಟ್ಟುಗೂಡಿಸಿ ನೋಡಿದರೆ, 2011ರಲ್ಲಿ ಬೃಹನ್ಮುಂಬಯಿಯಲ್ಲಿ ನೂರಕ್ಕೆ ಸುಮಾರು 66 ಮಂದಿ ಹಿಂದೂಗಳು, 20ಕ್ಕೂ ಹೆಚ್ಚು ಮುಸಲ್ಮಾನರು, ಐವರಿಗೆ ಸಮೀಪ ಬೌದ್ಧರು, ನಾಲ್ವರು ಜೈನರು, ಮೂವರಿಗೂ ಮಿಕ್ಕಿ ಕ್ರೈಸ್ತರು. ಇಲ್ಲಿಯ ಬೌದ್ಧರಲ್ಲಿ ಬಹುಮಂದಿ 1956ರಲ್ಲಿ ಡಾ. ಅಂಬೇಡ್ಕರರು ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದ ನಂತರ ಆ ಮಾರ್ಗವನ್ನು ಹಿಡಿದ ಕುಟುಂಬಗಳವರು. ವಸತಿಯ ವಿಚಾರದಲ್ಲಿ ಇನ್ನೊಂದು ಭೇದವು ಧರ್ಮಭೇದಕ್ಕಿಂತಲೂ ಹೆಚ್ಚು ಢಾಳಾಗಿ ಕಾಣುತ್ತದೆ. ಬೃಹನ್ಮುಂಬಯಿಯ ನೂರು ಜನರಲ್ಲಿ ಸುಮಾರು 42 ಮಂದಿ, ಎಂದರೆ 52 ಲಕ್ಷ ಜನರು, ಝೋಪಡಪಟ್ಟಿಗಳಲ್ಲಿ ವಾಸಿಸುತ್ತಿದ್ದರೆಂದು ಅದೇ ಗಣತಿಯು ತಿಳಿಸುತ್ತದೆ. ಓದುಬರಹ ಬಲ್ಲವರ ಪ್ರಮಾಣವು ಉಪನಗರ ಜಿಲ್ಲೆಯಲ್ಲಿ ಶೇಕಡಾ 90ರಷ್ಟಿದ್ದಿತು. ವಿದ್ಯೆಯಿದ್ದರೂ ಸೂರಿಲ್ಲದವರು ಬಹುಮಂದಿ ಎಂಬುದೇ ಇದರ ತಾತ್ಪರ್ಯ.

ನುಡಿಗಳ ಲೆಕ್ಕ

ಬೃಹನ್ಮುಂಬಯಿಯಲ್ಲಿ ಮರಾಠಿಯನ್ನು ಮಾತೃಭಾಷೆಯೆಂದು ಹೇಳಿದವರು 2001ರಲ್ಲಿ 45 ಲಕ್ಷಕ್ಕೂ ಮಿಕ್ಕಿ ಇದ್ದರು. 2011ರಲ್ಲಿ ಅವರು ಸುಮಾರು 44 ಲಕ್ಷ. ಹಿಂದಿಯವರು ಅದೇ ಅವಧಿಯಲ್ಲಿ ಸುಮಾರು 26 ಲಕ್ಷದಿಂದ 36 ಲಕ್ಷಕ್ಕೆ ಏರಿದರು. ಉರ್ದು ಮತ್ತು ಗುಜರಾತಿ ತಲಾ 14 ಲಕ್ಷದ ಆಸುಪಾಸಿನಲ್ಲಿವೆ. ಈ ಏರಿಳಿತದ ಸಾಕ್ಷಿಯನ್ನು ನೋಡಲು ಗಣತಿಯ ಗ್ರಂಥವನ್ನು ತೆರೆಯಬೇಕೆಂದಿಲ್ಲ. ನಮ್ಮ ಹೊಟೇಲುಗಳ ಅಡಿಗೆಮನೆಯನ್ನು ಹೊಕ್ಕರೆ ಸಾಕು. ಕುಂದಾಪುರ, ಕಾರ್ಕಳಗಳಿಂದ ಬಂದ ಹುಡುಗರು ಗ್ಲಾಸು ತೊಳೆದು, ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಕಲಿತು ಗುಮಾಸ್ತರಾಗುತ್ತಿದ್ದ ಕಾಲವೊಂದಿತ್ತು. ಈಗ ದೋಸೆಯ ಕಾವಲಿಯ ಮುಂದೆ ಉತ್ತರ ಪ್ರದೇಶದ, ಬಿಹಾರದ, ನೇಪಾಳದ ಹುಡುಗರು ನಿಂತಿರುವುದು ಸಾಮಾನ್ಯ ದೃಶ್ಯ. ಹುಡುಗ ಬದಲಾದನು, ಅವನ ಬಾಳು ಬದಲಾಗಲಿಲ್ಲ. ಅವನೂ ಊರಿಗೆ ಹಣ ಕಳುಹಿಸುತ್ತಾನೆ, ಅವನೂ ಅಂಗಡಿ ಮುಚ್ಚಿದ ಮೇಲೆ ಮೇಜುಗಳ ಮಧ್ಯೆ ಚಾಪೆ ಹಾಸುತ್ತಾನೆ.

ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು 2011ರಲ್ಲಿ ಸುಮಾರು 10 ಲಕ್ಷ. ಆದರೆ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಗಳ ಗಡಿನಾಡಿನ ಕನ್ನಡಿಗರೂ ಇದರಲ್ಲಿ ಸೇರಿದ್ದಾರೆ. ಮತ್ತೊಂದು ಸೂಕ್ಷ್ಮವಿದೆ. ಗಣತಿಯು ತುಳುವನ್ನೂ ಕೊಂಕಣಿಯನ್ನೂ ಬೇರೆಯಾಗಿಯೇ ಎಣಿಸುತ್ತದೆ. ದೇಶದಲ್ಲಿ ತುಳುವರು 18 ಲಕ್ಷ 46 ಸಾವಿರವೆಂದು 2011ರಲ್ಲಿ ಎಣಿಸಿದರು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಇಂದಿಗೂ ಕನ್ನಡ ಪತ್ರಿಕೆಯನ್ನೇ ಓದುವ ಮುಂಬಯಿಯ ಸಹಸ್ರಾರು ಬಂಧುಗಳು ಕನ್ನಡದ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರು ಮಾತೃಭಾಷೆಯನ್ನು ಮರೆಮಾಚಬೇಕೆಂದು ನಾವು ಎಂದಿಗೂ ಹೇಳಲಾರೆವು. ತಾಯಿಯು ಬಾಲ್ಯದಲ್ಲಿ ಆಡಿದ ನುಡಿಯೇ ಮಾತೃಭಾಷೆಯೆಂಬುದು ಗಣತಿಯ ನಿಯಮ, ಅದೇ ನ್ಯಾಯ. ಆದರೆ 2011ರ ಪ್ರಶ್ನಾವಳಿಯಲ್ಲಿ ಬಲ್ಲ ಇತರ ಎರಡು ಭಾಷೆಗಳನ್ನು ಬರೆಯಿಸುವ ಅವಕಾಶವೂ ಇದ್ದಿತು. ಆ ಸ್ಥಳದಲ್ಲಿ ಹಿಂದಿ, ಇಂಗ್ಲಿಷ್ ಎಂದು ಹೇಳಿ ಕನ್ನಡವನ್ನು ಮರೆತವರೆಷ್ಟು ಮಂದಿಯೋ! ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್‌ಗಳೊಡನೆ ಕನ್ನಡದಲ್ಲಿಯೂ ಶಾಲೆಗಳನ್ನು ನಡೆಸಿದ ಮಹಾನಗರಪಾಲಿಕೆಯಿದು. ಕೇಳುವವರೇ ಇಲ್ಲವೆಂದು ಕಾಗದವು ಹೇಳಿದರೆ, ಶಾಲೆ ಉಳಿಸಿರೆಂದು ಯಾವ ಮುಖದಿಂದ ಕೇಳುವುದು?

ಏಳು ಲಕ್ಷದ ಅಂತರ

ಅಂಕಿಗಳಲ್ಲೆಲ್ಲ ನಮ್ಮ ಮನಸ್ಸನ್ನು ಕಲಕಿದ ಅಂಕಿ ಒಂದಿದೆ. 2011ರಲ್ಲಿ ಉಪನಗರ ಜಿಲ್ಲೆಯಲ್ಲಿ ಪುರುಷರು 50,31,323, ಸ್ತ್ರೀಯರು 43,25,639. ಏಳು ಲಕ್ಷಕ್ಕೂ ಮಿಕ್ಕಿದ ಅಂತರ. ಸಾವಿರ ಪುರುಷರಿಗೆ 860 ಸ್ತ್ರೀಯರು. ಈಗ ಉಡುಪಿ ಜಿಲ್ಲೆಯನ್ನು ನೋಡೋಣ. ಅಲ್ಲಿ ಸಾವಿರ ಪುರುಷರಿಗೆ 1,094 ಸ್ತ್ರೀಯರು. ದಕ್ಷಿಣ ಕನ್ನಡದಲ್ಲಿ 1,020. ಇಲ್ಲಿ ಸ್ತ್ರೀಯರ ಕೊರತೆ, ಅಲ್ಲಿ ಪುರುಷರ ಕೊರತೆ. ಇಲ್ಲಿಯ ಕೊರತೆಗೆ ಇತರ ಕಾರಣಗಳೂ ಇರಬಹುದು, ಅಲ್ಲಿಂದ ಹೋದವರೆಲ್ಲರೂ ಮುಂಬಯಿಗೇ ಬಂದವರಲ್ಲ. ಆದರೂ ಒಂದೇ ವಲಸೆಯ ಎರಡು ಮುಖಗಳನ್ನು ಈ ಎರಡು ಅಂಕಿಗಳಲ್ಲಿ ಕಾಣಬಹುದು. ವರ್ಷಕ್ಕೊಮ್ಮೆ ಜಾತ್ರೆಗೋ ಕೋಲಕ್ಕೋ ಬಸ್ಸು ಹಿಡಿದು ಹೋಗಿ, ಮಕ್ಕಳ ಮುಖ ನೋಡಿ ಮರಳುವ ಗಂಡಸಿನ ಬಾಳು ಇಲ್ಲಿಯ ಅಂಕಿಯಲ್ಲಿದೆ. ಗದ್ದೆ, ಹಟ್ಟಿ, ಅತ್ತೆಮಾವಂದಿರನ್ನು ಒಬ್ಬಳೇ ನೋಡಿಕೊಂಡ ಹೆಂಗಸಿನ ಬಾಳು ಅಲ್ಲಿಯ ಅಂಕಿಯಲ್ಲಿದೆ. 2001ರಲ್ಲಿ ಇಲ್ಲಿ ಸಾವಿರಕ್ಕೆ 822 ಸ್ತ್ರೀಯರಿದ್ದರು. ಹತ್ತು ವರ್ಷಗಳಲ್ಲಿ ಅದು 860ಕ್ಕೆ ಏರಿದುದು, ಸಂಸಾರಗಳು ಬಂದು ಸೇರುತ್ತಿರುವುದರ ಒಂದು ಶುಭಚಿಹ್ನೆ.

ಆದರೆ ಸಂಸಾರ ಹೂಡಲು ಖೋಲಿ ಬೇಕಷ್ಟೆ? ಉಪನಗರ ಜಿಲ್ಲೆಯಲ್ಲಿಯೂ ಬಾಡಿಗೆಯು ಕೈಗೆ ನಿಲುಕದಿರಲು, ಪ್ರವಾಹವು ಮತ್ತೂ ಮುಂದಕ್ಕೆ ಸರಿಯಿತು. 2001ರಿಂದ 2011ರವರೆಗೆ ಉಪನಗರ ಜಿಲ್ಲೆಯು ಶೇಕಡಾ 8ರಷ್ಟು ಬೆಳೆದರೆ, ಠಾಣಾ ಜಿಲ್ಲೆಯು ಶೇಕಡಾ 36ರಷ್ಟು ಬೆಳೆದು, ಒಂದು ಕೋಟಿ ಹತ್ತು ಲಕ್ಷ ಜನರೊಡನೆ ದೇಶದಲ್ಲೇ ಅತ್ಯಂತ ಹೆಚ್ಚು ಜನರಿರುವ ಜಿಲ್ಲೆಯೆನ್ನಿಸಿಕೊಂಡಿತು. 2014ರಲ್ಲಿ ಅದನ್ನು ಒಡೆದು ಪಾಲಘರ ಜಿಲ್ಲೆಯನ್ನು ಮಾಡಬೇಕಾಯಿತು. ಡೊಂಬಿವಲಿ, ಮೀರಾರೋಡು, ನಾಲಾಸೋಪಾರಾಗಳ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ನಮ್ಮ ಕರ್ತವ್ಯ

ಇಷ್ಟೆಲ್ಲ ಲೆಕ್ಕದಲ್ಲಿ ಹೊಟೇಲಿನಲ್ಲಿಯೇ ಮಲಗುವ ಕೆಲಸಗಾರನ ಸ್ಥಾನವೆಲ್ಲಿ? ಒಂದೇ ಅಡಿಗೆಯನ್ನುಂಡು ಒಂದೇ ಸೂರಿನಡಿ ಇರುವ, ಪರಸ್ಪರ ಬಂಧುಗಳಲ್ಲದವರನ್ನು ಗಣತಿಯು ಸಾಂಸ್ಥಿಕ ಕುಟುಂಬವೆಂದು ಕರೆಯುತ್ತದೆ. ಮೆಸ್ಸು, ಹಾಸ್ಟೆಲುಗಳಂತೆ ಹೊಟೇಲೂ ಅದರಲ್ಲಿ ಸೇರುತ್ತದೆ. ಸೂರೇ ಇಲ್ಲದವರನ್ನು 2011ರಲ್ಲಿ ಫೆಬ್ರವರಿ 28ರ ರಾತ್ರಿ ಬೀದಿಬೀದಿ ಸುತ್ತಿ ಎಣಿಸಿದರು. ನಿಯಮವೇನೋ ಯಾರನ್ನೂ ಬಿಟ್ಟಿಲ್ಲ. ಬಿಡುವವರು ನಾವೇ. ಗಣತಿದಾರರು ಬಂದಾಗ ಮಾಲಕರು ಗಲ್ಲೆಯಲ್ಲಿ ಕುಳಿತು ತಮ್ಮ ಮನೆಯವರ ಹೆಸರನ್ನಷ್ಟೇ ಹೇಳಿದರೆ, ಮಾಳಿಗೆಯಲ್ಲಿ ಮಲಗುವ ಹತ್ತು ಜನರು ಲೆಕ್ಕಕ್ಕೆ ಸಿಕ್ಕುವುದಿಲ್ಲ. ಊರಿನಲ್ಲಿ ಅಮ್ಮನು, ಮಗನು ಮುಂಬಯಿಯಲ್ಲಿದ್ದಾನೆ, ಆದರೂ ಬರೆದುಕೊಳ್ಳಿರೆಂದು ಪ್ರೀತಿಯಿಂದ ಹೇಳಿದರೆ, ಅದು ನಿಯಮಕ್ಕೆ ವಿರುದ್ಧ. ಅವನು ಎಣಿಸಲ್ಪಡಬೇಕಾದುದು ಇರುವ ಸ್ಥಳದಲ್ಲಿ. ಅಲ್ಲಿಯೂ ಇಲ್ಲಿಯೂ ಹೆಸರಿಲ್ಲದೆ ಹೋದವನ ಪಾಡು ಇನ್ನೂ ಕಷ್ಟ.

ಗಣತಿದಾರರು ಕಾಗದಪತ್ರ ಕೇಳಿ ಓಡಿಸಿಬಿಡುವರೆಂಬ ಭೀತಿಯಿಂದ ಕೆಲವರು ಮರೆಯಾಗುವುದುಂಟು. 1948ರ ಜನಗಣತಿ ಕಾನೂನಿನ ಮೇರೆಗೆ ಒಬ್ಬ ವ್ಯಕ್ತಿಯು ಕೊಟ್ಟ ವಿವರವನ್ನು ಇತರರು ಪರಿಶೀಲಿಸಲು ಬರುವುದಿಲ್ಲ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲೂ ಬಾರದು. ಆದುದರಿಂದ ಹೊಟೇಲು ಮಾಲಕರಲ್ಲಿ ನಮ್ಮ ವಿನಂತಿ ಇಷ್ಟೆ: ತಮ್ಮಲ್ಲಿ ಮಲಗುವ ಪ್ರತಿಯೊಬ್ಬನ ಹೆಸರು, ಅವನು ಕುಂದಾಪುರದವನಿರಲಿ ಗೋರಖಪುರದವನಿರಲಿ, ಬರೆಯಿಸಿರಿ. ಗುಮಾಸ್ತ ಬಂಧುಗಳಲ್ಲಿ ವಿನಂತಿ: ಓದಲು ಬಾರದ ನೆರೆಯವರಿಗೆ ಪ್ರಶ್ನೆಗಳನ್ನು ತಿಳಿಹೇಳಿರಿ. ಕೆಲಸಗಾರ ಬಂಧುಗಳಲ್ಲಿ ವಿನಂತಿ: ಹುಟ್ಟಿದ ಊರು, ಬಂದ ಕಾರಣ, ಬಲ್ಲ ಭಾಷೆ, ಕೇಳಿದುದಕ್ಕೆಲ್ಲ ಸಂಕೋಚವಿಲ್ಲದೆ ಉತ್ತರಿಸಿರಿ.

ಮಹಾನಗರಕ್ಕೆ ಬೆಳಗಿನ ಚಹವನ್ನು ಕಾಸಿ ಕೊಟ್ಟವರು, ಅದರ ಕಡತಗಳನ್ನು ಬರೆದಿಟ್ಟವರು ನಮ್ಮವರು. ಇತರರ ಲೆಕ್ಕವನ್ನು ಇಷ್ಟು ಕಾಲ ಅಚ್ಚುಕಟ್ಟಾಗಿ ಬರೆದ ಕೈಗಳು, ಒಮ್ಮೆಯಾದರೂ ತಮ್ಮ ಲೆಕ್ಕವನ್ನು ಸರಿಯಾಗಿ ಬರೆಯಿಸಲಿ ಎಂಬುದೇ ನಮ್ಮ ಹಾರೈಕೆ.